ಯಂತ್ರದೋಣಿಯ ತೈಲಚಾಲಿತ ಚುಕ್ಕಾಣಿ: ದೋಷವನ್ನು ಅರಸುವ ಬಗೆ

ರಸ್ತೆಯ ವಾಹನದ ಚುಕ್ಕಾಣಿ ಕೆಟ್ಟರೆ ಚಾಲಕನಿಗೆ ಬ್ರೇಕೆಂಬ ಎರಡನೆಯ ಆಶ್ರಯವುಂಟು. ದೋಣಿಗೆ ಅದಿಲ್ಲ. ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುವಂತಹ ಅಳಿವೆಗಳಲ್ಲಿ, ಒಂದೆಡೆ ಮರಳದಿಣ್ಣೆ, ಇನ್ನೊಂದೆಡೆ ಒಡೆಯುವ ತೆರೆ ಇರುವಾಗ, ಎಂಜಿನನ್ನು ನಿಲ್ಲಿಸಿದ ಮಾತ್ರಕ್ಕೆ ದೋಣಿ ನಿಲ್ಲದು. ತೆರೆಗೆ ಅಡ್ಡಲಾಗಿ ತಿರುಗಿ ಮಗುಚುವ ಭಯವೇ ಹೆಚ್ಚು. ಆದುದರಿಂದ ಚುಕ್ಕಾಣಿಯ ದೋಷವನ್ನು ದಡದಲ್ಲಿಯೇ ಕಂಡುಕೊಳ್ಳಬೇಕು.

ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (೧೬೨೩–೧೬೬೨) ಕಂಡ ನಿಯಮವನ್ನು ಪ್ರೌಢಶಾಲೆಯ ಕಪ್ಪುಹಲಗೆಯ ಮೇಲೆ ಎರಡು ಸಿಲಿಂಡರುಗಳ ಚಿತ್ರ ಬರೆದು ಬೋಧಿಸುತ್ತಾರಷ್ಟೆ. ಆ ಚಿತ್ರವೇ ಇಲ್ಲಿ ಯಂತ್ರವಾಗಿದೆ. ಚುಕ್ಕಾಣಿಚಕ್ರದ ಹಿಂದೆ ಒಂದು ಸಣ್ಣ ಪಂಪು. ದೋಣಿಯ ಹಿಂಬದಿಗೆ ತೂಗುಹಾಕಿದ ಔಟ್‌ಬೋರ್ಡ್ ಎಂಜಿನ್ನಿನ ಬಳಿ ಒಂದು ಸಿಲಿಂಡರು. ನಡುವೆ ತೈಲ ತುಂಬಿದ ಎರಡು ಕೊಳವೆಗಳು. ಚಕ್ರವನ್ನು ತಿರುಗಿಸಿದಾಗ ತೈಲವು ಒಂದು ಕೊಳವೆಯಲ್ಲಿ ಹೋಗಿ ಪಿಸ್ಟನನ್ನು ತಳ್ಳುತ್ತದೆ, ಇನ್ನೊಂದರಲ್ಲಿ ಹಿಂದಿರುಗುತ್ತದೆ. ಕೈಬಿಟ್ಟಾಗ ಪಂಪಿನ ವಾಲ್ವುಗಳು ತೈಲವನ್ನು ಇದ್ದಲ್ಲಿಯೇ ಬಂಧಿಸುತ್ತವೆ. ಪ್ರೊಪೆಲರಿನ ಒತ್ತಡವು ಚಕ್ರವನ್ನು ಹಿಂದಕ್ಕೆ ತಿರುಗಿಸಲಾರದು.

ಅತ್ಯಂತ ಸಾಮಾನ್ಯವಾದ ದೂರು, ಚಕ್ರವು ಮೆತ್ತಗಾಯಿತೆಂಬುದು. ತಿರುಗಿಸಿದರೆ ಸ್ಪಂಜನ್ನು ಒತ್ತಿದಂತಾಗಿ, ಬಿಟ್ಟೊಡನೆ ತುಸು ಹಿಂದಕ್ಕೆ ಚಿಮ್ಮುತ್ತದೆ. ಇದಕ್ಕೆ ಕಾರಣ ಒಳಸೇರಿದ ಗಾಳಿ. ನೂರು ವಾಯುಭಾರದ ಒತ್ತಡಕ್ಕೂ ತೈಲದ ಗಾತ್ರ ನೂರಕ್ಕೆ ಒಂದರಷ್ಟು ಕುಗ್ಗುವುದಿಲ್ಲ; ಗಾಳಿಯಾದರೋ ಸುಮಾರು ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೈಯ ಶ್ರಮವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲಿಯೇ ವ್ಯಯವಾಗುತ್ತದೆ. ಆಗ ತೈಲ ತುಂಬಿಸಿ ಸುಮ್ಮನಾಗುವವರೇ ಬಹಳ. ಆದರೆ ಮುಚ್ಚಿದ ವ್ಯವಸ್ಥೆಯಲ್ಲಿ ತೈಲ ತಾನಾಗಿ ಸವೆಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಹೊರಬಿದ್ದಿದೆ. ಚಕ್ರದ ದಂಡದ ಸುತ್ತ, ಕೊಳವೆಯ ಜೋಡಣೆಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಸಿಲಿಂಡರಿನ ದಂಡವು ಹೊರಬರುವ ಸೀಲಿನಲ್ಲಿ ಜಿನುಗನ್ನು ಹುಡುಕಬೇಕು. ದಂಡದ ಮೇಲೆ ಉಪ್ಪು ಹರಳುಗಟ್ಟಿಯೋ ತುಕ್ಕು ಕುಳಿ ತೋಡಿಯೋ ಸೀಲನ್ನು ಕೊಯ್ದಿರುತ್ತದೆ. ಕುಳಿಬಿದ್ದ ದಂಡಕ್ಕೆ ಹೊಸ ಸೀಲು ಹಾಕಿದರೂ ಅದು ಬಾಳದು.

ಚಕ್ರ ಬಿಗಿಯಾದರೆ ಪಂಪನ್ನು ಬಿಚ್ಚಲು ಆತುರಪಡಬಾರದು. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಸಿಲಿಂಡರನ್ನು ಎಂಜಿನ್ನಿನಿಂದ ಬೇರ್ಪಡಿಸಿ ಚಕ್ರವನ್ನು ತಿರುಗಿಸಬೇಕು. ಹಗುರವಾಗಿ ತಿರುಗಿದರೆ ತೈಲವ್ಯವಸ್ಥೆ ನಿರ್ದೋಷಿ. ಗ್ರೀಸ್ ಕಾಣದೆ ಎಂಜಿನ್ನಿನ ತಿರುಗುಗೂಟವೇ ಬಿಗಿದಿದೆ. ಆಗಲೂ ಬಿಗಿಯಿದ್ದರೆ ಕೊಳವೆ ಮಡಿಚಿದೆಯೇ, ತೈಲ ತೀರಾ ಮಂದವೇ ಎಂದು ನೋಡಬೇಕು. ಐದು ನಿಮಿಷದ ಈ ಪರೀಕ್ಷೆ ಎಷ್ಟೋ ಪಂಪುಗಳನ್ನು ವ್ಯರ್ಥ ರಿಪೇರಿಯಿಂದ ಉಳಿಸೀತು.

ಚಕ್ರವನ್ನು ಹಿಡಿದಿದ್ದರೂ ದೋಣಿ ತಾನಾಗಿ ಒಂದು ಬದಿಗೆ ಸರಿಯತೊಡಗಿದರೆ, ವಾಲ್ವಿನಲ್ಲಿ ಕಸ ಕುಳಿತಿರುವ, ಅಥವಾ ಪಿಸ್ಟನಿನ ಒಳಸೀಲು ಸವೆದಿರುವ ಸಂದೇಹಕ್ಕೆ ಎಡೆಯುಂಟು. ಇಲ್ಲಿ ಹೊರಗೆ ಒಂದು ಹನಿಯೂ ಕಾಣದು. ಜೋಡಣೆಯ ಮರೆಗಳಿಗೆ ಸುತ್ತಿದ ಟೆಫ್ಲಾನ್ ಪಟ್ಟಿಯ ಚೂರು ಹರಿದು ವಾಲ್ವಿಗೆ ಸೇರುವುದುಂಟು. ಆದುದರಿಂದಲೇ ಆ ಪಟ್ಟಿ ಇಲ್ಲಿ ನಿಷಿದ್ಧ.

ತೈಲದ ವಿಷಯದಲ್ಲಿ ಉದಾಸೀನ ಸಲ್ಲದು. ಕೈಗೆ ಸಿಕ್ಕಿತೆಂದು ಕಾರಿನ ಬ್ರೇಕ್ ದ್ರವವನ್ನು ಸುರಿದರೆ ರಬ್ಬರ್ ಸೀಲುಗಳೇ ಕೆಡುತ್ತವೆ. ತಯಾರಕರು ಸೂಚಿಸಿದ ತೈಲವನ್ನೇ ಹಾಕಬೇಕು. ತೈಲ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಪೂರ್ತಿ ಬದಲಿಸುವುದೇ ಸರಿ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬನು ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಪಂಪಿನ ತೈಲವನ್ನು ಎಂದೂ ಬರಿದಾಗಗೊಡದಂತೆ ನೋಡಿಕೊಳ್ಳುವನು. ಇನ್ನೊಬ್ಬನು ಸಿಲಿಂಡರಿನ ಆ ಬದಿಯ ತಿರುಪನ್ನು ಸಡಿಲಿಸಿ, ಪಾರದರ್ಶಕ ನಳಿಗೆಯಲ್ಲಿ ಗುಳ್ಳೆಗಳು ನಿಂತ ಮೇಲೆ ಬಿಗಿಯುವನು. ಅನಂತರ ಎದುರು ಬದಿಗೂ ಹಾಗೆಯೇ. ಎರಡು ಚುಕ್ಕಾಣಿಚಕ್ರಗಳುಳ್ಳ ದೋಣಿಯಲ್ಲಿ ಮೇಲಿನದರಿಂದಲೇ ತೈಲ ತುಂಬಬೇಕು, ಗಾಳಿ ಮೇಲೇರುವುದು ಸಹಜವಾದುದರಿಂದ.

ಕೆಲಸ ಮುಗಿದೊಡನೆ ಅಳಿವೆ ದಾಟಲು ಹೊರಡುವುದು ತರವಲ್ಲ. ಜೋಡಣೆಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಚಕ್ರವನ್ನು ಎರಡೂ ಕೊನೆಗಳವರೆಗೆ ಹಲವು ಸಲ ತಿರುಗಿಸಿ, ಸಿಲಿಂಡರಿನ ಕೆಳಗೆ ಬಿಳಿಯ ಕಾಗದ ಹರಡಿ ರಾತ್ರಿ ಬಿಡಬೇಕು. ಬೆಳಿಗ್ಗೆ ಕಾಗದ ಒಣಗಿದ್ದರೆ ಮೊದಲು ಶಾಂತ ನೀರಿನಲ್ಲಿ, ಕಡಿಮೆ ವೇಗದಲ್ಲಿ ಓಡಿಸಿ ನೋಡಬಹುದು.