ಕೋಬಾಲ್ಟ್ ಕಿರಣದ ಲೆಕ್ಕ ಬರೆದವರು

ಕ್ಯಾನ್ಸರ್ ಗಡ್ಡೆಯ ಮೇಲೆ ದೇಹದ ಹೊರಗಿನಿಂದ ಗಾಮಾ ಕಿರಣ ಹಾಯಿಸಿ ಅದನ್ನು ಕುಗ್ಗಿಸುವ ಕೋಬಾಲ್ಟ್ ಯಂತ್ರವನ್ನು ನಮ್ಮ ಆಸ್ಪತ್ರೆಗಳಿಗೆ ಬರುವ ರೋಗಿಗಳು ‘ಕರೆಂಟು ಕೊಡುವ ಮೆಷಿನ್ನು’ ಎಂದೇ ಗುರುತಿಸುತ್ತಾರೆ. ಈ ಯಂತ್ರ ಮೊದಲು ಬಳಕೆಗೆ ಬಂದದ್ದು 1951ರಲ್ಲಿ, ಕೆನಡಾದ ಎರಡು ಸಾಧಾರಣ ಊರುಗಳಲ್ಲಿ. ಒಂದು ಒಂಟಾರಿಯೊ ಪ್ರಾಂತ್ಯದ ಲಂಡನ್, ಇನ್ನೊಂದು ಗೋಧಿ ಬೆಳೆಯುವ ಬಯಲಿನ ನಡುವೆ ಇರುವ ಸಸ್ಕಾಚೆವನ್ ಪ್ರಾಂತ್ಯದ ಸಸ್ಕಟೂನ್. ಲಂಡನ್ನಿನ ಆಸ್ಪತ್ರೆ ಅಕ್ಟೋಬರ್ 27ರಂದು ಮೊದಲ ರೋಗಿಗೆ ಚಿಕಿತ್ಸೆ ನೀಡಿ ಮೊದಲನೆಯದೆಂಬ ಹೆಸರು ಗಳಿಸಿತು. ಸಸ್ಕಟೂನ್‌ನವರು ನವೆಂಬರ್ 8ರವರೆಗೆ ಕಾದರು. ಅವರ ಯಂತ್ರ ಆಗಸ್ಟ್‌ನಲ್ಲೇ ಸಿದ್ಧವಾಗಿದ್ದರೂ, ನಡುವಿನ ವಾರಗಳನ್ನು ಅವರು ಆ ಕಿರಣವನ್ನು ಅಳೆಯುವುದಕ್ಕೆ ಮೀಸಲಿಟ್ಟಿದ್ದರು. ಈ ಯಂತ್ರದ ಚರಿತ್ರೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಮೊದಲ ಸ್ಥಾನವಲ್ಲ, ಆ ಅಳತೆ.

ಪ್ರಕೃತಿಯಲ್ಲಿ ಸಿಗುವ ಕೋಬಾಲ್ಟ್-59 ವಿಕಿರಣ ಸೂಸದ ಲೋಹ. ಅದನ್ನು ಪರಮಾಣು ಸ್ಥಾವರದೊಳಗೆ ಬಹುಕಾಲ ಇಟ್ಟರೆ ಅದರ ಪರಮಾಣುಗಳು ಒಂದೊಂದು ನ್ಯೂಟ್ರಾನನ್ನು ನುಂಗಿ ಕೋಬಾಲ್ಟ್-60 ಆಗುತ್ತವೆ, ಮತ್ತು ಈ ಹೊಸ ಪರಮಾಣುಗಳು ಕ್ಷಯಿಸಿ ನಿಕ್ಕಲ್ ಆಗುವಾಗ ಪ್ರಬಲವಾದ ಗಾಮಾ ಕಿರಣಗಳನ್ನು ಹೊರಚೆಲ್ಲುತ್ತವೆ. ಇದಕ್ಕೆ ಮುಂಚೆ ಬಳಕೆಯಲ್ಲಿದ್ದ ಕಡಿಮೆ ಶಕ್ತಿಯ ಎಕ್ಸ್‌ರೇ ಆಳದ ಗಡ್ಡೆಯನ್ನು ತಲುಪುವ ಮೊದಲೇ ಚರ್ಮವನ್ನು ಸುಡುತ್ತಿತ್ತು, ಮೂಳೆಯಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಹೀರಲ್ಪಡುತ್ತಿತ್ತು. ರೇಡಿಯಂ ಬಳಸೋಣವೆಂದರೆ ಅದು ಅಪರೂಪದ, ವಿಪರೀತ ದುಬಾರಿಯ ವಸ್ತು. ಒಂದು ಗ್ರಾಂ ರೇಡಿಯಂ ಸೂಸುವ ವಿಕಿರಣವೇ ‘ಕ್ಯೂರಿ’ ಎಂಬ ಹಳೆಯ ಮಾನಕ್ಕೆ ಆಧಾರವಾದದ್ದು. ಸಸ್ಕಟೂನ್‌ಗೆ ಬಂದ ಕೋಬಾಲ್ಟ್ ಆಕರ ಸುಮಾರು 1,000 ಕ್ಯೂರಿಯದು. ಅದಕ್ಕೆ ಸಮನಾಗಲು ಸಾವಿರ ಗ್ರಾಂ ರೇಡಿಯಂ ಬೇಕಿತ್ತು, ಅಷ್ಟನ್ನು ಒಂದು ಆಸ್ಪತ್ರೆ ಕೂಡಿಸುವುದು ಕನಸಿನ ಮಾತು.

ಸಸ್ಕಟೂನ್ ಯೋಜನೆಯ ನಾಯಕ ಭೌತವಿಜ್ಞಾನಿ ಹೆರಾಲ್ಡ್ ಜಾನ್ಸ್. ಕೋಬಾಲ್ಟನ್ನು ಹದಗೊಳಿಸಿ ಕೊಟ್ಟದ್ದು ಕೆನಡಾದ ಚಾಕ್ ರಿವರ್‌ನ ಎನ್‌ಆರ್‌ಎಕ್ಸ್ ಎಂಬ ಪರಮಾಣು ಸ್ಥಾವರ. ಯಂತ್ರ ತಯಾರಾದದ್ದು ಸಸ್ಕಟೂನ್‌ನದೇ ಒಂದು ವರ್ಕ್‌ಶಾಪಿನಲ್ಲಿ. ಆದರೆ ಈ ತಂಡದಲ್ಲಿ ಹೆಚ್ಚು ಗಮನ ಸೆಳೆಯುವವರು, ಆಗಿನ್ನೂ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದ ಸಿಲ್ವಿಯಾ ಫೆಡೋರುಕ್.

1927ರಲ್ಲಿ ಸಸ್ಕಾಚೆವನ್‌ನದೇ ಕನೋರಾ ಎಂಬ ಸಣ್ಣ ಊರಿನಲ್ಲಿ, ಉಕ್ರೇನ್ ಮೂಲದ ಮನೆತನದಲ್ಲಿ ಹುಟ್ಟಿದ ಫೆಡೋರುಕ್, ಒಂದೇ ಕೋಣೆಯ ಹಳ್ಳಿಶಾಲೆಯಲ್ಲಿ, ಅಲ್ಲಿ ಪಾಠ ಹೇಳುತ್ತಿದ್ದ ತಂದೆಯ ಕೈಯಲ್ಲೇ ಕಲಿತವರು. ಅವರ ಪಾಲಿಗೆ ಬಂದದ್ದು ನೋಡುವವರಿಗೆ ಬೇಸರ ತರಿಸುವಂಥ ಕೆಲಸ. ಮನುಷ್ಯನ ಮೃದು ಅಂಗಾಂಶ ಕಿರಣವನ್ನು ಹೆಚ್ಚುಕಡಿಮೆ ನೀರಿನಂತೆಯೇ ಹೀರುವುದರಿಂದ, ತೊಟ್ಟಿಯಲ್ಲಿ ನೀರು ತುಂಬಿ, ಅದರೊಳಗೆ ಅಯಾನು ಕೋಶವನ್ನು, ಅಂದರೆ ಕಿರಣ ತಾಗಿದಾಗ ಉಂಟಾಗುವ ವಿದ್ಯುದಂಶದ ಮೂಲಕ ಕಿರಣದ ಪ್ರಮಾಣವನ್ನು ತೋರಿಸುವ ಪುಟ್ಟ ಸಾಧನವನ್ನು, ಸ್ವಲ್ಪಸ್ವಲ್ಪವೇ ಆಳಕ್ಕೆ ಇಳಿಸುತ್ತ ಪ್ರತಿಯೊಂದು ಹಂತದಲ್ಲೂ ಪ್ರಮಾಣವನ್ನು ಬರೆದಿಡಬೇಕಿತ್ತು. ಕಿರಣ ಬೀಳುವ ಕಿಂಡಿಯನ್ನು ಹಿಗ್ಗಿಸಿದರೆ ಒಳಗೆ ಚದುರುವ ಕಿರಣವೂ ಹೆಚ್ಚುವುದರಿಂದ, ಒಂದೊಂದು ಕಿಂಡಿಯಳತೆಗೂ ಇದನ್ನೆಲ್ಲ ಮೊದಲಿನಿಂದ ಮಾಡಬೇಕು.

ಕೋಬಾಲ್ಟ್ ಕಿರಣದ ಪ್ರಮಾಣ ಅತಿ ಹೆಚ್ಚಾಗುವುದು ಚರ್ಮದ ಮೇಲಲ್ಲ, ಅದರ ಸುಮಾರು ಅರ್ಧ ಸೆಂಟಿಮೀಟರ್ ಕೆಳಗೆ. ಚರ್ಮ ಸುಡದೆ ಉಳಿಯುವುದಕ್ಕೆ ಇದೇ ಕಾರಣ. ಅಲ್ಲಿಂದ ಮುಂದೆ ಅದು ಇಳಿಯುತ್ತ ಹೋಗಿ, ಹತ್ತು ಸೆಂಟಿಮೀಟರ್ ಆಳದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಉಳಿದಿರುತ್ತದೆ. ಹೀಗೆ ಆಳಕ್ಕೆ ತಕ್ಕಂತೆ ಪ್ರಮಾಣವನ್ನು ತೋರಿಸುವ ಕೋಷ್ಟಕಗಳಿಲ್ಲದಿದ್ದರೆ ವೈದ್ಯರು ಗಡ್ಡೆಗೆ ಎಷ್ಟು ತಲುಪಿತೆಂಬುದನ್ನು ಊಹಿಸಬೇಕಾಗುತ್ತಿತ್ತು; ಸಸ್ಕಟೂನ್ ತಂಡದ ಅಳತೆಗಳು ಪ್ರಕಟವಾಗಿ ಬೇರೆ ದೇಶಗಳ ಆಸ್ಪತ್ರೆಗಳಿಗೂ ಒದಗಿದವು. ಸಸ್ಕಟೂನ್‌ನಲ್ಲಿ ಮೊದಲು ಚಿಕಿತ್ಸೆ ಪಡೆದ, ಗರ್ಭಕಂಠದ ಕ್ಯಾನ್ಸರ್ ಇದ್ದ ತಾಯಿಯೊಬ್ಬರು ಆಮೇಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿದರು. 1972ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಆ ಒಂದೇ ಯಂತ್ರ 6,000ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಕೊಟ್ಟಿತ್ತು.

ಫೆಡೋರುಕ್ ಪ್ರಯೋಗಶಾಲೆಗಷ್ಟೇ ಸೀಮಿತರಾದವರಲ್ಲ. ಮಂಜುಗಡ್ಡೆಯ ಮೇಲೆ ನುಣುಪಾದ ಕಲ್ಲನ್ನು ಜಾರಿಸಿ ಗುರಿ ಮುಟ್ಟಿಸುವ ಕರ್ಲಿಂಗ್ ಎಂಬ ಆಟದಲ್ಲಿ 1961ರ ಕೆನಡಾ ಮಹಿಳಾ ಚಾಂಪಿಯನ್ ತಂಡದ ಸದಸ್ಯೆಯಾಗಿದ್ದ ಅವರು, ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮೊದಲ ಮಹಿಳಾ ಸದಸ್ಯೆಯಾದರು. ಓದಿದ ವಿಶ್ವವಿದ್ಯಾಲಯಕ್ಕೇ ಕುಲಾಧಿಪತಿಯಾದರು. 1988ರಿಂದ 1994ರವರೆಗೆ ತಮ್ಮ ಪ್ರಾಂತ್ಯದಲ್ಲಿ ರಾಣಿಯ ಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್ ಆಗಿದ್ದರು. ಅವರು ತೀರಿಕೊಂಡದ್ದು 2012ರಲ್ಲಿ. ವಿಕಿರಣದ ಚರಿತ್ರೆಯನ್ನು ಹೇಳುವ ಪುಸ್ತಕಗಳು ಮೇರಿ ಕ್ಯೂರಿಯವರ ಒಂದು ಹೆಸರಿಗೇ ತೃಪ್ತಿಪಟ್ಟು ಮುಂದೆ ಹೋಗುವುದು ನ್ಯಾಯವಲ್ಲ.

ಕಿರಣದ ಪ್ರಮಾಣದ ಈ ಲೆಕ್ಕ ಒಮ್ಮೆ ಬರೆದು ಮುಗಿಸುವಂಥದ್ದೂ ಅಲ್ಲ. ಕೋಬಾಲ್ಟ್-60ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು ಐದೂಕಾಲು ವರ್ಷ. ತಿಂಗಳಿಗೆ ಶೇ 1ರಷ್ಟು ಶಕ್ತಿ ಕುಂದುವುದರಿಂದ ರೋಗಿಯನ್ನು ಕಿರಣದ ಕೆಳಗೆ ಮಲಗಿಸುವ ಅವಧಿಯನ್ನು ಅದಕ್ಕೆ ತಕ್ಕಂತೆ ಹೆಚ್ಚಿಸುತ್ತ ಹೋಗಬೇಕು. 1974ರಿಂದ 1976ರ ನಡುವೆ ಅಮೆರಿಕದ ಕೊಲಂಬಸ್ ನಗರದ ಆಸ್ಪತ್ರೆಯೊಂದರಲ್ಲಿ ಈ ಇಳಿಕೆಯ ವಕ್ರರೇಖೆಯನ್ನು ಸರಳರೇಖೆಯಾಗಿ ಎಳೆದುಬಿಟ್ಟದ್ದರಿಂದ, ಆಕರ ನಿಜಕ್ಕಿಂತ ದುರ್ಬಲವಾಗಿದೆಯೆಂದು ಭಾವಿಸಿ, ನಾನೂರಕ್ಕೂ ಹೆಚ್ಚು ರೋಗಿಗಳಿಗೆ ಅತಿಯಾದ ವಿಕಿರಣ ಕೊಡಲಾಯಿತು. ಗಡ್ಡೆಯಿರುವ ಜಾಗಕ್ಕಷ್ಟೇ, ದಿನಕ್ಕೆ 2 ಗ್ರೇಯಂತೆ (ಗ್ರೇ ಎಂಬುದು ದೇಹ ಹೀರಿದ ವಿಕಿರಣದ ಮಾನ) ವಾರಗಟ್ಟಲೆ ಹಂಚಿ ಕೊಟ್ಟ 50-60 ಗ್ರೇ ಜೀವ ಉಳಿಸಬಲ್ಲದು. ಆದರೆ ಇಡೀ ದೇಹಕ್ಕೆ ಒಮ್ಮೆಗೇ ಬಿದ್ದ 4 ಗ್ರೇಯಷ್ಟು, ಚಿಕಿತ್ಸೆ ಸಿಗದಿದ್ದರೆ, ಅರ್ಧದಷ್ಟು ಜನರ ಪ್ರಾಣ ತೆಗೆಯಬಲ್ಲದು.

ಇನ್ನೂ ದೊಡ್ಡ ಅಪಾಯ ಯಂತ್ರ ಕೆಲಸ ನಿಲ್ಲಿಸಿದ ಮೇಲಿನದು. ಮೆಕ್ಸಿಕೊದ ಸಿಯುದಾದ್ ಹುವಾರೆಜ್‌ನ ಉಗ್ರಾಣದಲ್ಲಿ ಬಳಸದೆ ಬಿದ್ದಿದ್ದ ಕೋಬಾಲ್ಟ್ ಚಿಕಿತ್ಸಾ ಯಂತ್ರವೊಂದು 1983ರ ಡಿಸೆಂಬರ್‌ನಲ್ಲಿ ಗುಜರಿಗೆ ಹೋಯಿತು. ಅದರೊಳಗಿದ್ದ ಸುಮಾರು 6,000 ಪುಟ್ಟ ಗುಳಿಗೆಗಳು ಹಳೆ ಕಬ್ಬಿಣದೊಂದಿಗೆ ಕರಗಿ ಕಟ್ಟಡದ ಕಂಬಿಗಳಾದವು. ಅಂಥ ಕಂಬಿ ಹೇರಿದ್ದ ಲಾರಿಯೊಂದು ಮುಂದಿನ ತಿಂಗಳು ದಾರಿ ತಪ್ಪಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ವಿಕಿರಣ ಶೋಧಕದ ಮುಂದೆ ಹಾದುಹೋಗದಿದ್ದರೆ ಆ ಕಬ್ಬಿಣ ಎಷ್ಟು ಮನೆಗಳ ತಾರಸಿಗೆ ಸೇರುತ್ತಿತ್ತೋ! 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲೂ, ಸಂಶೋಧನೆಗೆಂದು ತರಿಸಿದ್ದ ಕೋಬಾಲ್ಟ್ ಉಪಕರಣವೊಂದು ಹರಾಜಿನಲ್ಲಿ ಗುಜರಿ ಸೇರಿ ಒಬ್ಬರು ಪ್ರಾಣ ಕಳೆದುಕೊಂಡರು. ಈ ಎರಡು ಕಡೆಯೂ ತಪ್ಪಿದ್ದು ತಂತ್ರಜ್ಞಾನವಲ್ಲ, ದಾಸ್ತಾನಿನ ಲೆಕ್ಕ.

ಶ್ರೀಮಂತ ದೇಶಗಳಲ್ಲಿ ಕೋಬಾಲ್ಟ್ ಯಂತ್ರದ ಜಾಗವನ್ನು ಈಗ ವಿದ್ಯುತ್ತಿನಿಂದಲೇ ಎಕ್ಸ್‌ರೇ ಹುಟ್ಟಿಸುವ, ಸ್ವಿಚ್ಚು ಆರಿಸಿದರೆ ವಿಕಿರಣವೂ ನಿಲ್ಲುವ ಲೀನಿಯರ್ ಆಕ್ಸಿಲರೇಟರ್ ಆಕ್ರಮಿಸಿದೆ. ಅದರ ನಿಖರತೆ ಮೇಲಾದದ್ದೆಂಬುದರಲ್ಲಿ ವಿವಾದವಿಲ್ಲ. ಆದರೂ ಬೆಲೆಯಲ್ಲಿ, ರಿಪೇರಿಯ ಸುಲಭದಲ್ಲಿ, ಅಸ್ಥಿರವಾದ ವಿದ್ಯುತ್ತನ್ನು ಸಹಿಸುವುದರಲ್ಲಿ ಹಳೆಯ ಯಂತ್ರಕ್ಕೆ ತನ್ನದೇ ಸ್ಥಾನವಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿ, ಬೆಂಗಳೂರಿನ ಪನೇಸಿಯಾ ಮೆಡಿಕಲ್ ಟೆಕ್ನಾಲಜೀಸ್ ತಯಾರಿಸುವ ‘ಭಾಭಾಟ್ರಾನ್’ ಕೋಬಾಲ್ಟ್ ಯಂತ್ರ ಭಾರತದ ಆಸ್ಪತ್ರೆಗಳಿಗಷ್ಟೇ ಅಲ್ಲದೆ ವಿಯೆಟ್ನಾಂಗೂ ಕೊಡುಗೆಯಾಗಿ ಹೋಗಿದೆ. ಅದಕ್ಕೆ ಬೇಕಾದ ಕೋಬಾಲ್ಟ್ ರಾಜಸ್ಥಾನದ ರಾವತ್‌ಭಾಟಾದ ಸ್ಥಾವರದಲ್ಲಿ ತಯಾರಾಗುತ್ತದೆ. ಇಂಥ ಯಂತ್ರವನ್ನು ಕೊಳ್ಳುವ ಯಾವುದೇ ಆಸ್ಪತ್ರೆ ಹೊಸ ಆಕರಕ್ಕೂ, ಹಳೆಯ ಆಕರವನ್ನು ಹಿಂದಿರುಗಿಸುವುದಕ್ಕೂ, ಪ್ರತಿ ತಿಂಗಳು ಲೆಕ್ಕ ನೋಡುವ ಭೌತವಿಜ್ಞಾನಿಯ ಸಂಬಳಕ್ಕೂ ಮೊದಲ ದಿನವೇ ಹಣ ತೆಗೆದಿಡಬೇಕು. ಅದು ಆಗದಿದ್ದರೆ ಯಂತ್ರವನ್ನು ಕೊಳ್ಳದಿರುವುದೇ ಲೇಸು.