ಓಬರ್ನ್‌ಡಾರ್ಫಿನ ಚಿಲಕ, ಸ್ಟೈಯರಿನ ಚಿಲಕ

ಹಳೆಯ ಹಂಚಿನ ಮನೆಗಳ ಕದಕ್ಕೆ ಕಬ್ಬಿಣದ ಚಿಲಕವೊಂದು ಇರುತ್ತಿತ್ತು. ಹಿಡಿಯನ್ನು ಎತ್ತಿ ಮುಂದೆ ತಳ್ಳಿ ಕೆಳಕ್ಕೆ ಮಡಚಿದರೆ ಕದ ಭದ್ರ. ತೆಗೆಯುವಾಗ ಅದೇ ಕೆಲಸ ತಿರುವುಮುರುವು. ಬೋಲ್ಟ್ ಆ್ಯಕ್ಷನ್ ರೈಫಲ್ ಎಂಬ ಬಂದೂಕಿನ ಒಳಗುಟ್ಟೂ ಇದೇ. ನಳಿಕೆಯ ಹಿಂಬಾಗಿಲಿಗೆ ಹಾಕುವ ಉಕ್ಕಿನ ಚಿಲಕ ಅದು. ಆದರೆ ಈ ಚಿಲಕ ತಡೆದು ನಿಲ್ಲಿಸಬೇಕಾದದ್ದು ಚದರ ಅಂಗುಲಕ್ಕೆ ಸುಮಾರು 50,000 ಪೌಂಡಿನ ಒತ್ತಡವನ್ನು. ಅದೂ ಬಂದೂಕು ಹಿಡಿದವನ ಕಣ್ಣಿಗೆ ಗೇಣು ದೂರದಲ್ಲಿ. ಆ ಗೇಣು ಜಾಗದಲ್ಲಿ ಏನೇನು ಇರಬೇಕು, ಹೇಗಿರಬೇಕು ಎಂಬುದರ ಮೇಲೆ ಯುರೋಪಿನ ಬಂದೂಕು ಪ್ರಿಯರು ನೂರು ವರ್ಷಕ್ಕೂ ಮಿಕ್ಕಿ ವಾದ ಮಾಡಿಕೊಂಡು ಬಂದಿದ್ದಾರೆ. ನನ್ನ ಬಳಿ ಬಂದೂಕಿಲ್ಲ, ಬೇಕೆಂಬ ಆಸೆಯೂ ಇಲ್ಲ. ಆದರೂ ಆ ವಾದ ಕೇಳುತ್ತಾ ಕೂರುವುದೆಂದರೆ ನನಗೆ ಬಹಳ ಇಷ್ಟ. ಅದು ಮೂಲದಲ್ಲಿ ಕಮ್ಮಾರರ ಮಾತು.

ಕನ್ನಡದ ಓದುಗರಿಗೆ ಈ ಲೋಕ ತೀರ ಹೊಸದಲ್ಲ. ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆ್ಯಂಡರ್ಸನ್‌ನನ್ನೂ ಜಿಮ್ ಕಾರ್ಬೆಟ್‌ನನ್ನೂ ಓದಿ ಬೆಳೆದವರು ನಾವು. ಬೆಂಗಳೂರಿನ ಆ್ಯಂಡರ್ಸನ್ ಹಿಡಿದು ತಿರುಗುತ್ತಿದ್ದ 405 ವಿಂಚೆಸ್ಟರ್ ಅಮೆರಿಕದ್ದು. ಅದರಲ್ಲಿ ಚಿಲಕವಿಲ್ಲ, ಕುದುರೆಯ ಕೆಳಗಿನ ಸನ್ನೆಯನ್ನು ಇಳಿಸಿ ಏರಿಸಿ ತೋಟಾ ತುಂಬುವ ಬಂದೂಕು ಅದು. ಕಾರ್ಬೆಟ್‌ನ ಕೈಯಲ್ಲಿದ್ದದ್ದು ಬೇರೆಯೇ ಜಾತಿ. 1930ರ ಏಪ್ರಿಲ್‌ನಲ್ಲಿ ಚೌಗಢದ ನರಭಕ್ಷಕ ಹುಲಿಗೆ ಆತ ಎದುರಾದ ಪ್ರಸಂಗ ಓದಿದವರಿಗೆ ಮರೆಯದು. ಎಡಗೈಯಲ್ಲಿ ನತ್ತಿಂಗ ಹಕ್ಕಿಯ ಎರಡು ಮೊಟ್ಟೆ, ಬಲಗೈಯಲ್ಲಿ ಬಂದೂಕು, ಬಂಡೆ ಬಳಸಿ ತಿರುಗಿದರೆ ಕೆಲವೇ ಅಡಿ ದೂರದಲ್ಲಿ ಹುಲಿ. ಒಂದೇ ಕೈಯಲ್ಲಿ, ಅದರ ಕಣ್ಣಿಗೆ ಚಲನೆ ಕಾಣದಷ್ಟು ನಿಧಾನವಾಗಿ, ನಳಿಕೆಯನ್ನು ಸುತ್ತು ತಿರುಗಿಸಿ ಈಡು ಹೊಡೆದ. ಹಾಗೆ ಒಂಟಿ ಕೈಯಲ್ಲಿ ಹೊರಳಿಸುವಷ್ಟು ಹಗುರವಾಗಿದ್ದ ಆ ಬಂದೂಕು 275 ರಿಗ್ಬಿ. ಚಂಪಾವತದ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಆತನಿಗೆ ಬಂದ ಉಡುಗೊರೆ.

ನಳಿಕೆಯ ಮೇಲಿದ್ದ ಹೆಸರು ಲಂಡನ್ನಿನ ರಿಗ್ಬಿಯದು. ಒಳಗಿನ ಚಿಲಕ ಮಾತ್ರ ಜರ್ಮನಿಯ ನೆಕಾರ್ ನದಿಯ ದಂಡೆಯ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನದು. 1898ರಿಂದ ಕೆಲವು ಕಾಲ ಮೌಸರ್ ಬಂದೂಕುಗಳನ್ನು ಬ್ರಿಟನ್ನಿಗೆ ತರಿಸುವ ಹಕ್ಕು ರಿಗ್ಬಿಯವರಲ್ಲಿತ್ತು. ತೋಟಾ ಕೂಡ ಜರ್ಮನ್ನರ 7 ಮಿಲಿಮೀಟರಿನದೇ. ಅದಕ್ಕೆ ಅಂಗುಲದ ಲೆಕ್ಕದಲ್ಲಿ ಇಂಗ್ಲಿಷರು ಕೊಟ್ಟ ಹೆಸರು 275. ಅದೇ 7 ಮಿಲಿಮೀಟರಿನ ಮೌಸರ್‌ಗಳನ್ನು ಹಿಡಿದು ದಕ್ಷಿಣ ಆಫ್ರಿಕದ ಬೋಯರ್ ರೈತರು ಬ್ರಿಟಿಷ್ ಸೇನೆಯನ್ನು ಕಂಗೆಡಿಸಿದ್ದರು. ಪೆಟ್ಟು ತಿಂದವರಿಗೆ ಆ ಚಿಲಕದ ಗುಣ ಬೇರೆಯವರು ಹೇಳಬೇಕಾಗಿರಲಿಲ್ಲ.

ಓಬರ್ನ್‌ಡಾರ್ಫಿನಲ್ಲಿ ವುರ್ಟೆಂಬರ್ಗ್ ರಾಜರ ಬಂದೂಕು ಕಾರ್ಖಾನೆ ನಡೆಯುತ್ತಿದ್ದದ್ದು ಹಿಂದೆ ಅಗಸ್ಟೀನಿಯನ್ ಸನ್ಯಾಸಿಗಳ ಮಠವಾಗಿದ್ದ ಕಟ್ಟಡದಲ್ಲಿ. ಅಲ್ಲಿ ದುಡಿಯುತ್ತಿದ್ದ ಕೆಲಸಗಾರನೊಬ್ಬನಿಗೆ ಹದಿಮೂರು ಮಕ್ಕಳು. ಕೊನೆಯವನು ಪೌಲ್ ಮೌಸರ್, ಹುಟ್ಟಿದ್ದು 1838ರಲ್ಲಿ. ಅಣ್ಣ ವಿಲ್ಹೆಲ್ಮ್ ವ್ಯವಹಾರ ನೋಡಿಕೊಂಡರೆ ತಮ್ಮ ಅರದ ಮುಂದೆ ಕೂತ. ಚಿಲಕದ ಬಂದೂಕು ಆಗಲೇ ಇತ್ತು. ಪ್ರಷ್ಯಾದ ಸೇನೆ 1841ರಲ್ಲೇ ಡ್ರೈಸೆಯ ಸೂಜಿ ಬಂದೂಕನ್ನು ಒಪ್ಪಿಕೊಂಡಿತ್ತು. ಪೌಲ್ ಮಾಡಿದ್ದು ಅದನ್ನು ಹೆಜ್ಜೆ ಹೆಜ್ಜೆಯಾಗಿ ತಿದ್ದಿದ ಕೆಲಸ. 1871ರಲ್ಲಿ ಒಂದು ಮಾದರಿ, ಆಮೇಲೆ ಸ್ಪೇನಿಗೊಂದು, ಸ್ವೀಡನ್ನಿಗೊಂದು, ತುರ್ಕಿಗೊಂದು. ಒಂದರಲ್ಲಿ ಕಂಡ ಕೊರತೆ ಮುಂದಿನದರಲ್ಲಿ ಇಲ್ಲ. ಹೀಗೆ ಸುಮಾರು ಮೂವತ್ತು ವರ್ಷ ತಿದ್ದಿ ತಿದ್ದಿ 1898ರಲ್ಲಿ ಹೊರಬಂದದ್ದೇ ಮೌಸರ್ 98.

ಇದರ ಜಾಣ್ಮೆ ಎಲ್ಲಿದೆ ಎಂದರೆ, ಎಲ್ಲವೂ ಕೆಟ್ಟಾಗ ಏನಾಗಬೇಕು ಎಂಬ ಯೋಚನೆಯಲ್ಲಿ.

ತೋಟಾ ತೊಟ್ಟಿಯಿಂದ ಮೇಲೇಳುತ್ತಿದ್ದಂತೆ ಅದರ ಬುಡದ ಅಂಚು ಚಿಲಕದ ಉದ್ದನೆಯ ಕೊಕ್ಕೆಯ ಕೆಳಗೆ ತಾನಾಗಿ ಜಾರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಕೊಕ್ಕೆಯ ಹಿಡಿತದಲ್ಲಿ. ಬೇರೆ ಅನೇಕ ಬಂದೂಕುಗಳಲ್ಲಿ ಚಿಲಕ ತೋಟಾವನ್ನು ಬರಿದೆ ನೂಕುತ್ತದೆ. ಕೊನೆಯಲ್ಲಿ ಬಾಗಿಲು ಮುಚ್ಚಿದಾಗ ಮಾತ್ರ ಕೊಕ್ಕೆ ಕಚ್ಚಿಕೊಳ್ಳುತ್ತದೆ. ಈಗ ಒಬ್ಬ ಬೇಟೆಗಾರ ಹೆದರಿದ್ದಾನೆ ಎಂದಿಟ್ಟುಕೊಳ್ಳಿ. ಕೈ ನಡುಗಿ ಚಿಲಕವನ್ನು ಪೂರ್ತಿ ಮುಚ್ಚದೆ ಅರ್ಧದಲ್ಲೇ ಹಿಂದಕ್ಕೆ ಎಳೆದುಬಿಟ್ಟ. ನೂಕುವ ಜಾತಿಯ ಬಂದೂಕಿನಲ್ಲಿ ಮೊದಲ ತೋಟಾ ನಳಿಕೆಯ ಬಾಯಲ್ಲೇ ಉಳಿಯುತ್ತದೆ, ಎರಡನೆಯದು ಬಂದು ಅದರ ಬೆನ್ನಿಗೆ ಗುದ್ದುತ್ತದೆ, ಎರಡೂ ಸಿಕ್ಕಿಕೊಳ್ಳುತ್ತವೆ. ಮೌಸರ್‌ನಲ್ಲಿ ಅರ್ಧ ಹೋದ ತೋಟಾ ಕೊಕ್ಕೆಯ ಜೊತೆಗೇ ಹಿಂದೆ ಬಂದು ಹೊರಗೆ ಹಾರುತ್ತದೆ. ಎದುರಿಗಿರುವುದು ಜಿಂಕೆಯಾದರೆ ಈ ವ್ಯತ್ಯಾಸ ದೊಡ್ಡದಲ್ಲ. ಗಾಯಗೊಂಡ ಕಾಡೆಮ್ಮೆಯಾದರೆ ಬದುಕು ಸಾವಿನದು. ಅಪಾಯದ ಪ್ರಾಣಿಗಳಿಗೆ ಈ ಕೊಕ್ಕೆಯಿಲ್ಲದ ಬಂದೂಕನ್ನು ಒಪ್ಪದ ಆಫ್ರಿಕದ ಶಿಕಾರಿಗಳು ಇವತ್ತಿಗೂ ಇದ್ದಾರೆ.

ಇನ್ನೊಂದು: ಚಿಲಕದ ಮೂತಿಯಲ್ಲಿ ಎರಡು ಗಟ್ಟಿ ಕಿವಿಗಳಿವೆ. ಹಿಡಿ ಮಡಚಿದಾಗ ಅವು ಉಕ್ಕಿನ ಗೂಡಿನೊಳಗೆ ತಿರುಗಿ ಕಚ್ಚಿಕೊಂಡು ಸ್ಫೋಟದ ಒತ್ತಡವನ್ನೆಲ್ಲ ಹೊರುತ್ತವೆ. ಮೌಸರ್ ಹಿಂದುಗಡೆ ಮೂರನೆಯ ಕಿವಿಯೊಂದನ್ನು ಸೇರಿಸಿದ. ದಿನನಿತ್ಯ ಅದಕ್ಕೆ ಕೆಲಸವೇ ಇಲ್ಲ. ಅದು ಭಾರ ಹೊರುವುದು ಮುಂದಿನವೆರಡೂ ಕೈಕೊಟ್ಟ ದಿನ ಮಾತ್ರ. ತೋಟಾದ ಬುಡ ಒಡೆದು ಬಿಸಿ ಅನಿಲ ಹಿಂದಕ್ಕೆ ನುಗ್ಗಿದರೆ ಅದು ಪಕ್ಕಕ್ಕೆ ಹೋಗಲೆಂದು ಚಿಲಕದಲ್ಲಿ ತೂತುಗಳು, ಮುಖಕ್ಕೆ ಬಡಿಯದಿರಲೆಂದು ಹಿಂದೆ ಅಗಲವಾದ ಅಂಚು. ಇಷ್ಟೆಲ್ಲ ಕಾಳಜಿ ವಹಿಸಿದವನೇ 1901ರಲ್ಲಿ ಸ್ವಯಂಚಾಲಿತ ಬಂದೂಕೊಂದನ್ನು ಪರೀಕ್ಷಿಸುವಾಗ ಎಡಗಣ್ಣು ಕಳೆದುಕೊಂಡ. ಓದಿದಾಗಲೆಲ್ಲ ನನಗೆ ಸಂಕಟವಾಗುವ ಸಂಗತಿ ಇದು.

ಅದೇ ಕಾಲಕ್ಕೆ ಆಸ್ಟ್ರಿಯದ ಸ್ಟೈಯರ್ ಪಟ್ಟಣದಲ್ಲಿ ಇನ್ನೊಂದು ಬಗೆಯ ಮನಸ್ಸು ಕೆಲಸ ಮಾಡುತ್ತಿತ್ತು. ಎನ್ಸ್ ಮತ್ತು ಸ್ಟೈಯರ್ ನದಿಗಳು ಕೂಡುವ ಜಾಗದ ಈ ಊರು ಕಬ್ಬಿಣದ ಕೆಲಸಕ್ಕೆ ಹಳೆಯ ಕಾಲದಿಂದ ಹೆಸರಾದದ್ದು. ಫರ್ಡಿನಾಂಡ್ ಮಾನ್ಲಿಖರ್ ವೃತ್ತಿಯಿಂದ ರೈಲ್ವೆ ಎಂಜಿನಿಯರ್. ಅವನ ಚಿಲಕವನ್ನು ಅಲ್ಲಿಯ ಕಾರ್ಖಾನೆಯ ಒಟ್ಟೊ ಶೋನೌವರ್‌ನ ತೋಟಾ ತೊಟ್ಟಿಯೊಂದಿಗೆ ಕೂಡಿಸಿ ಹುಟ್ಟಿದ್ದು 1903ರ ಮಾನ್ಲಿಖರ್-ಶೋನೌವರ್. ಗ್ರೀಸ್ ಇದನ್ನು ತನ್ನ ಸೇನೆಗೆ ಆರಿಸಿಕೊಂಡಿತು. ಆದರೆ ಹೆಸರು ಬಂದದ್ದು ಬೇಟೆಯ ಬಂದೂಕಾಗಿ.

ಆ ತೊಟ್ಟಿಯನ್ನು ಕುರಿತು ಸ್ವಲ್ಪ ಹೇಳಲೇಬೇಕು. ಮೌಸರ್‌ನಲ್ಲಿ ತೋಟಾಗಳು ಒಂದರ ಮೇಲೊಂದು ಓರೆಯಾಗಿ ಒರಗಿ ಕೂರುತ್ತವೆ. ಶೋನೌವರ್ ಮಾಡಿದ್ದು ತಿರುಗುವ ರಾಟೆ. ಐದು ತೋಟಾಗಳಿಗೆ ಐದು ಹಳ್ಳ. ಪ್ರತಿಯೊಂದೂ ತನ್ನ ತೊಟ್ಟಿಲಲ್ಲಿ ಮಲಗಿದ ಮಗುವಿನಂತೆ. ಒಂದು ಇನ್ನೊಂದಕ್ಕೆ ಉಜ್ಜುವುದಿಲ್ಲ, ಒದೆತಕ್ಕೆ ಗುಂಡಿನ ಮೂತಿ ಜಜ್ಜುವುದಿಲ್ಲ. ಒಂದು ಹೊರಬಿದ್ದಂತೆ ರಾಟೆ ತಿರುಗಿ ಮುಂದಿನದನ್ನು ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಈ ರಾಟೆಯನ್ನೂ ಅದರ ಗೂಡನ್ನೂ ನಿರ್ದಿಷ್ಟ ತೋಟಾದ ಅಳತೆಗೆ ಕೆತ್ತಬೇಕಿತ್ತು. ಬೇರೆ ತೋಟಾಕ್ಕೆ ಬೇರೆ ರಾಟೆ.

ಇನ್ನು ಚಿಲಕದ ನುಣುಪು. ಹಿಡಿ ಎತ್ತಿ ಬಂದೂಕಿನ ಮೂತಿಯನ್ನು ಆಕಾಶಕ್ಕೆ ತೋರಿಸಿದರೆ ಚಿಲಕ ತನ್ನ ತೂಕಕ್ಕೆ ತಾನೇ ಹಿಂದಕ್ಕೆ ಜಾರಿ ಬರುತ್ತದೆ. ಕೆಳಗೆ ಬಾಗಿಸಿದರೆ ಮುಂದಕ್ಕೆ ಹೋಗುತ್ತದೆ. ಬೆಣ್ಣೆ ಹಚ್ಚುವ ಚಾಕುವಿನಂತೆ ಚಪ್ಪಟೆಯಾದ ಹಿಡಿ ಮೈಗೆ ಅಂಟಿಕೊಂಡು ಕೂರುತ್ತದೆ. ನಳಿಕೆಯ ತುದಿಯವರೆಗೂ ಹೋದ ಮರದ ಹೊದಿಕೆ ಇದರ ಇನ್ನೊಂದು ಗುರುತು. ಆಲ್ಪ್ಸ್ ಪರ್ವತ ಹತ್ತಿಳಿಯುವವರಿಗೆ ಒಗ್ಗುವ ಗಿಡ್ಡ, ಹಗುರ, ಚೆಲುವಾದ ಈ ಬಗೆಯನ್ನು ಅಲ್ಲಿ ಸ್ಟುಟ್ಸೆನ್ ಎನ್ನುತ್ತಾರೆ. ಹೆಮಿಂಗ್ವೇ 1936ರಲ್ಲಿ ಬರೆದ ಫ್ರಾನ್ಸಿಸ್ ಮಕೋಂಬರ್‌ನ ಕಥೆಯಲ್ಲಿ ಹೆಂಡತಿಯ ಕೈಯಲ್ಲಿ ಸಿಡಿಯುವುದು 6.5 ಮಾನ್ಲಿಖರ್. ಓದುಗರು ಬಂದೂಕಿನ ಹೆಸರನ್ನು ಹಾಗೆಯೇ ದಾಟಿ ಹೋಗುತ್ತಾರೆ. ಬಲ್ಲವರು ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

ಹಾಗಾದರೆ ಯಾವುದು ಮೇಲು? ಸ್ಟೈಯರ್ ಪಕ್ಷದವರು ತಮ್ಮ ಬಂದೂಕಿನ ಮೂತಿಯನ್ನು ಮೇಲೆತ್ತಿ ಚಿಲಕ ಜಾರುವುದನ್ನು ತೋರಿಸಿದರೆ ಸಾಕು, ವಾದ ಮುಗಿಯಿತು ಎಂದುಕೊಳ್ಳುತ್ತಾರೆ. ಓಬರ್ನ್‌ಡಾರ್ಫ್ ಪಕ್ಷದವರು ಕೆಸರು, ಮರಳು, ಮಂಜು, ಭಯ ಇವನ್ನೆಲ್ಲ ಸಾಕ್ಷಿಗೆ ಕರೆಯುತ್ತಾರೆ. ಒಂದು ಚಿಲಕ ಎಲ್ಲ ಸರಿಯಿದ್ದಾಗಿನ ಸುಖಕ್ಕೆ ಹುಟ್ಟಿದ್ದು, ಇನ್ನೊಂದು ಏನೂ ಸರಿಯಿಲ್ಲದ ಗಳಿಗೆಗೆ. ನನ್ನ ಮನಸ್ಸು ರಾಟೆಯ ಕಡೆ ವಾಲುತ್ತದೆ. ಕೈಕೆಲಸದ ವೈಭವ ಅಲ್ಲಿದೆ. ಆದರೆ ದೊಡ್ಡ ಯೋಚನೆ ಮೌಸರ್‌ನದೇ ಎಂದು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ. ಲೋಕವೂ ಹಾಗೆಯೇ ತೀರ್ಪು ಕೊಟ್ಟಿತು. ಆಮೇಲೆ ಬಂದ ಚಿಲಕದ ಬಂದೂಕುಗಳಲ್ಲಿ 98ರ ಋಣವಿಲ್ಲದವು ಕಡಿಮೆ. ಅಮೆರಿಕ ಕೂಡ ತನ್ನ 1903ರ ಸ್ಪ್ರಿಂಗ್‌ಫೀಲ್ಡ್ ಬಂದೂಕಿಗಾಗಿ ಮೌಸರ್ ಕಂಪನಿಗೆ ಹಣ ತೆರಬೇಕಾಯಿತು.

ಮಾನ್ಲಿಖರ್ ಸೋತದ್ದಕ್ಕೆ ಒಂದು ಕಾರಣ ದುರ್ಬೀನು. ಅದರ ಚಿಲಕದ ಹಿಡಿ ಉಕ್ಕಿನ ಗೂಡಿನ ಹಿಂಭಾಗದ ಸೇತುವೆಯಂಥ ಪಟ್ಟಿಯನ್ನು ಸೀಳಿಕೊಂಡು ಹೋಗುತ್ತದೆ. ಆ ಸೀಳಿನ ಮೇಲೆ ದುರ್ಬೀನು ಕೂರಿಸುವುದು ಕುಶಲಕರ್ಮಿಗಳಿಗೇ ತಲೆನೋವು. ಬರಿಗಣ್ಣಿನಿಂದ ಗುರಿಯಿಡುವ ಕಾಲ ಕಳೆದಂತೆ ಅದರ ಕಾಲವೂ ಕಳೆಯಿತು. ರಾಟೆ ಕಡೆಯುವ ಖರ್ಚೂ ಏರಿತು. 1970ರ ದಶಕದ ಆರಂಭಕ್ಕೆ ಸ್ಟೈಯರಿನಲ್ಲಿ ಅದರ ತಯಾರಿಕೆ ನಿಂತಿತು. ಓಬರ್ನ್‌ಡಾರ್ಫಿನ ಪಾಡು ಬೇರೆ ರೀತಿಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಫ್ರೆಂಚರು ಅಲ್ಲಿಯ ಕಾರ್ಖಾನೆಯನ್ನು ಕಳಚಿ ಹಾಕಿದರು. ಈ ಒಂದು ಚಿಲಕದ ಲಕ್ಷಾಂತರ ಪ್ರತಿಗಳು ಎರಡು ಯುದ್ಧಗಳಲ್ಲಿ ಮಾಡಿದ್ದನ್ನು ನೆನೆದರೆ ಆ ಕೋಪ ಅರ್ಥವಾಗುವಂಥದ್ದೇ.

ಕಾಡಿನಲ್ಲಿ ಮಾಡಿದ್ದೂ ಕಡಿಮೆಯಲ್ಲ. ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಅವುಗಳಲ್ಲಿ ಬಹುಪಾಲನ್ನು ಇದೇ 275ರ ಮೌಸರ್‌ನಿಂದ. ಸಣ್ಣ ಗುಂಡನ್ನು ಸರಿಯಾದ ಜಾಗಕ್ಕೆ ಕಳುಹಿಸುವ ಅವನ ಕೌಶಲವನ್ನು ಬಂದೂಕು ಪ್ರಿಯರು ಇಂದೂ ಕೊಂಡಾಡುತ್ತಾರೆ. ನಾಗರಹೊಳೆಯಲ್ಲಿ ಮರಿಯನ್ನು ಕಾಲ ನಡುವೆ ಇಟ್ಟುಕೊಂಡು ರಸ್ತೆ ದಾಟುವ ಆನೆಯನ್ನು ಕಂಡ ನನಗೆ ಆ ಕೊಂಡಾಟ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿ ಮುಗಿದ ಅಧ್ಯಾಯ. ಅದು ಹಾಗೆಯೇ ಇರಲಿ. ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜೆಗೊಳ್ಳುವ ಕೋವಿಯ ಮೇಲಿನ ಗೌರವ ಬೇರೆಯದು; ಅದಕ್ಕೆ ಕಾಡಿನ ಪ್ರಾಣಿಯ ಜೀವ ಬೇಕಿಲ್ಲ.

ಮತ್ತೆ ಚಿಲಕದ ವಾದಕ್ಕೆ ಬಂದರೆ, ಮೌಸರ್ ಮತ್ತು ಮಾನ್ಲಿಖರ್ ನಡುವೆ ಮೂರನೆಯ ಹೆಸರು ಹೇಳುವವರು ನಾರ್ವೆಯವರು. ಅವರ ಕ್ರಾಗ್-ಯೋರ್ಗೆನ್ಸನ್ ಬಂದೂಕಿನ ಮಗ್ಗುಲಲ್ಲೊಂದು ಪುಟ್ಟ ಬಾಗಿಲು. ಅದನ್ನು ತೆರೆದು ತೋಟಾಗಳನ್ನು ಕಾಳಿನಂತೆ ಸುರಿದು ಮುಚ್ಚಿದರಾಯಿತು. ನುಣುಪಿನಲ್ಲಿ ಮಾನ್ಲಿಖರ್‌ಗೆ ಸರಿಸಾಟಿ ಎಂದರೆ ಅದೇ. ಜೆಕ್ ದೇಶದ ಬ್ರ್ನೊ, ಸ್ವೀಡನ್ನಿನ ಹುಸ್ಕ್‌ವರ್ನಾ ಮೌಸರ್‌ನ ದಾರಿಯಲ್ಲೇ ನಡೆದವು. ಫಿನ್ಲೆಂಡಿನ ಸಾಕೊ ಮಾಡಿದ ಒಳ್ಳೆಯ ಕೆಲಸವೆಂದರೆ ಸಣ್ಣ, ನಡು, ದೊಡ್ಡ ತೋಟಾಗಳಿಗೆ ಬೇರೆ ಬೇರೆ ಅಳತೆಯ ಚಿಲಕಗಳನ್ನೇ ಮಾಡಿದ್ದು. ಜರ್ಮನಿಯ ಬ್ಲೇಸರ್ 1993ರಲ್ಲಿ ಹಿಡಿಯನ್ನು ಎತ್ತಿ ಮಡಚುವ ಕೆಲಸವನ್ನೇ ತೆಗೆದುಹಾಕಿತು. ನೇರ ಎಳೆ, ನೇರ ನೂಕು. ಮಾನ್ಲಿಖರ್ ನೂರು ವರ್ಷ ಹಿಂದೆಯೇ ಸೈನಿಕರ ಬಂದೂಕಿನಲ್ಲಿ ಮಾಡಿ ತೋರಿಸಿದ್ದ ಉಪಾಯ ಅದು.

ಕಾರ್ಬೆಟ್ 1947ರಲ್ಲಿ ಭಾರತ ಬಿಟ್ಟು ಕೀನ್ಯಾಕ್ಕೆ ಹೋದ, 1955ರಲ್ಲಿ ಅಲ್ಲಿಯೇ ತೀರಿಕೊಂಡ. ಅವನ 275 ಆತನ ಪುಸ್ತಕಗಳ ಪ್ರಕಾಶಕರ ಬಳಿ ಬಹುಕಾಲವಿದ್ದು, ಕೊನೆಗೆ ರಿಗ್ಬಿಯ ಕೈಗೇ ಮರಳಿತು. 2016ರಲ್ಲಿ ಅವರು ಅದನ್ನು ಒಮ್ಮೆ ಕುಮಾವೂಂಗೆ ಹೊತ್ತು ತಂದರು. ಅದರ ಮರದಲ್ಲಿ 1907ರ ಉಡುಗೊರೆಯ ಬೆಳ್ಳಿ ಫಲಕ ಹಾಗೆಯೇ ಇದೆ. ಚೌಗಢದಲ್ಲಿ ಅಂದು ಕೈಯಲ್ಲಿದ್ದ ಎರಡು ಮೊಟ್ಟೆಗಳನ್ನು ಕಾರ್ಬೆಟ್ ಒಡೆಯದೆ ಒಯ್ದು, ಸಿಕ್ಕ ಜಾಗದಲ್ಲೇ ಇಟ್ಟು ಬಂದಿದ್ದ. ತಾಯಿ ಹಕ್ಕಿ ಮರಳಿ ಬಂದು ಅವುಗಳ ಮೇಲೆ ಕಾವಿಗೆ ಕೂತಿತ್ತು.