ಟೈಟಾನಿಕ್ ದುರಂತ: ಒಂದು ಉಷ್ಣಪಾಠ

ಚಳಿಗಾಲದ ಮುಂಜಾನೆ 15 ಡಿಗ್ರಿ ಸೆಲ್ಸಿಯಸ್ ತಾಪದ ಗಾಳಿಯಲ್ಲಿ ನೀವು ತೆಳು ಅಂಗಿ ತೊಟ್ಟು ಓಡಾಡಬಲ್ಲಿರಿ. ಅದೇ ತಾಪದ ನೀರನ್ನು ಮೈಮೇಲೆ ಸುರಿದುಕೊಂಡರೆ ಗಡಗಡ ನಡುಗುತ್ತೀರಿ. ತಾಪ ಒಂದೇ ಆದರೂ ಈ ವ್ಯತ್ಯಾಸವೇಕೆ? ಟೈಟಾನಿಕ್ ಪ್ರಯಾಣಿಕರಲ್ಲಿ ಯಾರು ಉಳಿದರು, ಯಾರು ಅಳಿದರು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಈ ವ್ಯತ್ಯಾಸವೇ.

1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಡಗು ಉತ್ತರ ಅಟ್ಲಾಂಟಿಕ್‌ನಲ್ಲಿ ಹಿಮಬಂಡೆಗೆ ತಾಗಿತು. 2 ಗಂಟೆ 40 ನಿಮಿಷಗಳಲ್ಲಿ ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 2,200 ಮಂದಿ. ಸಮುದ್ರ ಶಾಂತವಾಗಿತ್ತು. ತೇಲುಕವಚ ತೊಟ್ಟಿದ್ದ ಹಲವರ ತಲೆ ನೀರಿನ ಮೇಲೆಯೇ ಇತ್ತು. ಆದರೂ ಅವರು ಬದುಕಲಿಲ್ಲ. ನೀರಿನ ತಾಪ ಸುಮಾರು ಮೈನಸ್ 2 ಡಿಗ್ರಿ. ಉಪ್ಪಿರುವುದರಿಂದ ಸಮುದ್ರದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ ಎಂಬುದನ್ನು ನೆನಪಿಡಿ.

ನೀರಿನ ಉಷ್ಣವಾಹಕತೆ ಗಾಳಿಯದರ ಸುಮಾರು 24 ಪಟ್ಟು. ಒಂದು ಲೀಟರ್ ನೀರಿನ ತಾಪವನ್ನು 1 ಡಿಗ್ರಿ ಏರಿಸಲು ಬೇಕಾದ ಉಷ್ಣ, ಅಷ್ಟೇ ಗಾಳಿಗೆ ಬೇಕಾದುದರ 3,000 ಪಟ್ಟಿಗೂ ಹೆಚ್ಚು. ಹೀಗಾಗಿ ನೀರು ದೇಹದ ಉಷ್ಣವನ್ನು ಎಡೆಬಿಡದೆ ಹೀರುತ್ತದೆ. ಮೊದಲ ನಿಮಿಷಗಳಲ್ಲಿ ಉಸಿರಾಟ ಹತೋಟಿ ತಪ್ಪುತ್ತದೆ. ಬಳಿಕ ಕೈಕಾಲುಗಳ ಬಲ ಉಡುಗುತ್ತದೆ. 37 ಡಿಗ್ರಿಯ ಒಳತಾಪ 30ರ ಆಸುಪಾಸಿಗೆ ಇಳಿದರೆ ಪ್ರಜ್ಞೆ ತಪ್ಪುತ್ತದೆ, ಹೃದಯದ ಲಯ ಕೆಡುತ್ತದೆ.

ಹಡಗು ಮುಳುಗಿದ ಬಳಿಕ, ಕೂಗು ಅಡಗುವವರೆಗೆ ಕಾದು ಹಿಂದಿರುಗಿದ ಅಧಿಕಾರಿ ಹೆರಾಲ್ಡ್ ಲೋ ಅವರ ದೋಣಿಗೆ ಜೀವಂತ ಸಿಕ್ಕವರು ನಾಲ್ವರು. ಅವರಲ್ಲೊಬ್ಬರು ಬೇಗನೆ ತೀರಿಕೊಂಡರು. ಇನ್ನೊಂದೆಡೆ, ಮಗುಚಿದ ದೋಣಿಯೊಂದರ ಬೆನ್ನೇರಿದ್ದ ಸುಮಾರು 30 ಮಂದಿಯನ್ನು ಅಧಿಕಾರಿ ಚಾರ್ಲ್ಸ್ ಲೈಟೊಲರ್ ಸಾಲಾಗಿ ನಿಲ್ಲಿಸಿ, ದೋಣಿ ಓಲಾಡದಂತೆ ನೋಡಿಕೊಂಡರು. ಮೈ ನೆನೆದಿತ್ತು, ಪಾದಗಳು ನೀರಿನಲ್ಲಿದ್ದವು. ಆದರೆ ದೇಹದ ಬಹುಭಾಗ ಗಾಳಿಯಲ್ಲಿತ್ತು. ಕೆಲವರು ಸತ್ತರೂ ಹೆಚ್ಚಿನವರು ಬೆಳಗು ಕಂಡರು. ಮುಂಜಾನೆ 4ರ ಹೊತ್ತಿಗೆ ಬಂದ ಕಾರ್ಪೇಥಿಯಾ ಹಡಗು 700ಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡಿತು. ಟೈಟಾನಿಕ್‌ನ 20 ದೋಣಿಗಳಲ್ಲಿ 1,178 ಜನರಿಗೆ ಸ್ಥಳವಿತ್ತು! ಅನೇಕ ದೋಣಿಗಳು ತುಂಬುವ ಮೊದಲೇ ಹೊರಟಿದ್ದವು.

ಶಿಕ್ಷಕರು ತರಗತಿಯಲ್ಲಿ ಇದನ್ನು ಮಾಡಿ ತೋರಿಸಬಹುದು. ಒಂದೇ ಬಗೆಯ ಎರಡು ಸ್ಟೀಲ್ ಲೋಟಗಳಲ್ಲಿ ಸಮಪ್ರಮಾಣದ ಬಿಸಿನೀರು ತುಂಬಿ. ಒಂದನ್ನು ಮೇಜಿನ ಮೇಲಿಡಿ. ಇನ್ನೊಂದನ್ನು ಕೋಣೆಯ ತಾಪದಲ್ಲಿರುವ ಬಕೆಟ್ ನೀರಿನಲ್ಲಿ ಅಂಚಿನವರೆಗೆ ಇಳಿಬಿಡಿ. ಎರಡೆರಡು ನಿಮಿಷಕ್ಕೊಮ್ಮೆ ತಾಪಮಾಪಕ ಓದಿ ನಕ್ಷೆ ಎಳೆಯಿರಿ. ಎರಡು ರೇಖೆಗಳ ಇಳಿಜಾರು ಹೋಲಿಸಿದರೆ, ಅಂದು ದೋಣಿಯಲ್ಲಿ ಸಿಗದೆ ಹೋದ ಒಂದೊಂದು ಸ್ಥಳದ ಬೆಲೆ ಏನೆಂದು ತಿಳಿದೀತು. ಹಡಗಿನಲ್ಲಿರುವ ಎಲ್ಲರಿಗೂ ದೋಣಿಯಲ್ಲಿ ಸ್ಥಳವಿರಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡದ್ದು ಈ ದುರಂತದ ನಂತರ, 1914ರಲ್ಲಿ.